ಕೆಂಜಿಯ ಬಲಮಂಡಿ

ಕೆಂಜಿ ಮೊರಿಯಾಮಾನ ಬಲಮಂಡಿಯ ಮೇಲೆ ಕೈಯಿಟ್ಟ ಕೂಡಲೇ ಆಂಡಿಗೆ ತಿಳಿದುಹೋಯಿತು, ಇದು ಮುಗಿದ ಕಾಲು. ಚಿಪ್ಪಿನ ಸುತ್ತ ನೀರು ತುಂಬಿತ್ತು. ಮಡಿಸಿದರೆ ಒಳಗೆ ಒಣ ತೆಂಗಿನಗರಿ ಮುರಿದ ಸದ್ದು.

ದಿಂಡುಗಲ್ಲಿನ ನೂಲಿನ ಮಿಲ್ಲಿಗೆ ಒಂದು ಫುಟ್‌ಬಾಲ್ ತಂಡವಿತ್ತು. ಅದರ ಆಟಗಾರರ ಕೈಕಾಲು ತಿಕ್ಕುವುದು ಆಂಡಿಯ ಕೆಲಸ. ಊರು ಕಂಬಂ. ಅಪ್ಪ, ತಾತ ಎಲ್ಲರೂ ಕುಲದ ದೇವರ ದನಗಳ ಮಂದೆ ಕಾದವರು. ಹೋರಿಯ ಕಾಲು ಉಳುಕಿದರೆ ಕಟ್ಟು ಹಾಕುವುದು ಮನೆಯ ವಿದ್ಯೆ. ಹೋರಿಯಾದರೇನು, ಆಟಗಾರನಾದರೇನು, ಎಲುಬು ಎಲುಬೇ ಎಂದು ಮಿಲ್ಲಿನವರು ಅವನನ್ನು ಕರೆತಂದಿದ್ದರು. ಆಂಡಿ ಮುಖ ಮೂತಿ ನೋಡದೆ ಬೈಯುತ್ತಿದ್ದ. ಬೈಸಿಕೊಂಡೇ ಎಲ್ಲರೂ ಅವನ ಕೈಗೆ ಕಾಲು ಕೊಡುತ್ತಿದ್ದರು.

ಕೆಂಜಿ ಜಪಾನಿನವನು, ಮೂವತ್ಮೂರು ವರ್ಷ. ಹನ್ನೆರಡು ವರ್ಷ ಅಲ್ಲಿ ಮೈದಾನದ ನಡುವೆ ನಿಂತು ಮುಂದಿನವರಿಗೆ ಚೆಂಡು ಹಂಚಿದವನು. ಹೋದ ವರ್ಷ, ತೊಂಬತ್ತೆಂಟರಲ್ಲಿ, ಅವನ ತಂಡವನ್ನು ಸಾಕುತ್ತಿದ್ದ ಕಂಪನಿ ಕೈ ಎತ್ತಿತು. ಎರಡು ಸಲ ಕೊಯ್ದು ಹೊಲಿದ ಮಂಡಿಯವನನ್ನು ಬೇರೆ ಯಾರೂ ಕರೆಯಲಿಲ್ಲ. ಯಂತ್ರ ಕೊಳ್ಳಲು ಒಸಾಕಾಗೆ ಹೋಗಿದ್ದ ಮಿಲ್ಲಿನ ಮುದಲಾಳಿ, ಅಂದರೆ ಒಡೆಯರು, ಯಂತ್ರದ ಜೊತೆಗೆ ಇವನನ್ನೂ ಒಂದು ಸೀಸನ್ನಿಗೆಂದು ತಂದರು. ಈಗ ಭಾನುವಾರದ ಆಟ ನೋಡಲು ಕಲ್ಕತ್ತೆಯ ಕ್ಲಬ್ಬಿನವನೊಬ್ಬ ಬರುವವನಿದ್ದ. ಅವನು ಮೆಚ್ಚಿದರೆ ಕೆಂಜಿಗೆ ಇನ್ನೆರಡು ವರ್ಷ ಆಟ. ಇಲ್ಲದಿದ್ದರೆ ಬೂಟು ಕಳಚಿಟ್ಟು ಊರಿಗೆ.

"ಗುಡ್?" ಎಂದು ಕೆಂಜಿ ಕೇಳಿದ. ಇಬ್ಬರ ನಡುವೆ ಇದ್ದ ಮಾತು ಅದೊಂದೇ.

ಆಂಡಿಯ ಬಾಯಿ ತಾನಾಗಿಯೇ ಹೇಳಿತು: "ಗುಡ್. ಗುಡ್."

ಮಂದೆಯ ವಾಡಿಕೆ ಅದು. ನೊಂದ ದನದ ಎದುರು ಕೆಟ್ಟ ಮಾತು ಆಡಬಾರದೆಂದು ಅಪ್ಪ ಬೆತ್ತದಲ್ಲಿ ಹೊಡೆದು ಕಲಿಸಿದ್ದ. ಏಳಲಾರದೆ ಬಿದ್ದ ಹೋರಿಯ ಕೊರಳು ಸವರಿ 'ನಾಳೆ ಓಡ್ತೀಯ ರಾಜಾ' ಅನ್ನಬೇಕು. ಅದರ ಗತಿ ಏನೆಂಬ ಮಾತು ದೊಡ್ಡಿಯ ಬೇಲಿ ದಾಟಿ ಬಂದ ಮೇಲೆ. ಆದರೆ ಹೋರಿ ಆ ಮಾತು ನಂಬಿಕೊಂಡು ಭಾನುವಾರ ಆಡಲು ಹೋಗುವುದಿಲ್ಲ. ಆಂಡಿಗೆ ಇದು ಹೊಳೆದದ್ದು ಕೋಣೆಯಿಂದ ಹೊರಗೆ ಬಂದ ಮೇಲೆ.

ಮ್ಯಾನೇಜರ್ ಶಿವಬಾಲನ್ ಉತ್ತಮಪಾಳಯದವನು, ಆಂಡಿಯದೇ ಕನ್ನಡ ಮಾತಿನ ಕುಲ.

"ತಮ್ಮಾ, ಅವ್ನ ಕಾಲು ಸತ್ತದೆ. ಇಳಿಸ್ಬ್ಯಾಡ."

"ಈಗ ತಾನೆ ಗುಡ್ ಅಂದ್ರಂತಲ್ಲ ಮಾಮಾ! ಕುಣೀತಾ ಬಂದು ಹೇಳ್ದ."

"ಅದು ಸುಮ್ನೆ ಅಂದದ್ದಪ್ಪಾ. ದನಕ್ಕೆ ಅನ್ನಂಗೆ."

"ಅವ್ನೇನು ದನವಾ? ಮುದಲಾಳಿ ನನ್ ಮಾತು ಕೇಳಾಂಗಿಲ್ಲೆ. ಅವ್ನೇ ಬ್ಯಾಡ ಅನ್ನಲಿ, ಬಿಡ್ತೀನಿ. ಹೋಗಿ ಅವ್ನಿಗೇ ಹೇಳಿ."

ಮನೆಯಲ್ಲಿ ಹೆಂಡತಿ ಲಕ್ಷ್ಮಿಯಮ್ಮಾಳ್ ಅನ್ನ ಬಡಿಸುತ್ತಾ ಚುಚ್ಚಿದಳು: "ಊರೋರ್ನೆಲ್ಲ ಬೈಯಾಕೆ ಬಾಯದೆ. ಪಾಪ, ಆ ಪರದೇಶಿಗೆ ಒಂದು ನಿಜ ಹೇಳಾಕೆ ಬಾಯಿಲ್ಲೆಯಾ ಮಾಮಾ?"

ಆಂಡಿ ತಟ್ಟೆ ತಳ್ಳಿ ಎದ್ದ.

ಭಾನುವಾರ ಕೆಂಜಿ ಬೂಟು ಕಟ್ಟುತ್ತಿದ್ದಾಗ ಆಂಡಿ ಹೋಗಿ ಎದುರು ಕುಳಿತ. ಕೈ ಅಡ್ಡ ಆಡಿಸಿದ. ಬೇವಿನ ಕಡ್ಡಿಯೊಂದನ್ನು ಲಟಕ್ಕನೆ ಮುರಿದು ಮಂಡಿ ತೋರಿಸಿದ. "ನೋ ಗುಡ್. ಕೇಳಿಸ್ತಾ? ನೋ ಗುಡ್!"

ಕೆಂಜಿ ಮುರಿದ ಕಡ್ಡಿಯನ್ನು ನೋಡಿದ. ಅವನಿಗೆ ಅರ್ಥವಾಗಿತ್ತು. ಆಮೇಲೆ ಆಂಡಿಯ ಬಾಯಿಯತ್ತ ಬೆರಳು ತೋರಿಸಿ, ಮೊನ್ನೆ ನೀನೇ ಹೇಳಿದೆಯಲ್ಲ ಎನ್ನುವಂತೆ, "ಗುಡ್" ಎಂದ. ನಕ್ಕು ಲೇಸು ಬಿಗಿದ. ಅವನಿಗೆ ಬೇಕಾಗಿದ್ದ ಮಾತು ಆಗಲೇ ಸಿಕ್ಕಿಬಿಟ್ಟಿತ್ತು. ಅದನ್ನು ವಾಪಸು ಕೊಡಲು ಅವನು ತಯಾರಿರಲಿಲ್ಲ.

"ಲೇ ಮುಟ್ಟಾಳ! ಕಾಲು ಹೋಗ್ತದೆ!" ಎಂದು ಆಂಡಿ ಕಿರುಚಿದ. ಶಿವಬಾಲನ್ ಅವನ ರಟ್ಟೆ ಹಿಡಿದು ಆಚೆಗೆ ಎಳೆದ. ಕೆಂಜಿ ತಲೆ ಬಾಗಿಸಿ ನಮಸ್ಕರಿಸಿ ಮೈದಾನಕ್ಕೆ ಇಳಿದ.

ಇಪ್ಪತ್ತು ನಿಮಿಷ ಅವನು ಆಡಿದಂಥ ಆಟವನ್ನು ದಿಂಡುಗಲ್ ಎಂದೂ ನೋಡಿರಲಿಲ್ಲ. ತಲೆ ಎತ್ತದೆ ಚೆಂಡು ಬಿಟ್ಟರೂ ಅದು ಹೋಗಿ ಮುಂದಿನವನ ಕಾಲಬುಡದಲ್ಲಿ ನಿಲ್ಲುತ್ತಿತ್ತು. ಕಲ್ಕತ್ತೆಯವನು ಕುರ್ಚಿಯ ಅಂಚಿಗೆ ಬಂದು ಕುಳಿತಿದ್ದ. ಆಂಡಿ ಚೆಂಡನ್ನು ನೋಡಲಿಲ್ಲ, ಮಂಡಿಯನ್ನೇ ನೋಡುತ್ತಿದ್ದ.

ಯಾರೂ ಅವನನ್ನು ಮುಟ್ಟಲಿಲ್ಲ. ಎಡಕ್ಕೆ ಚೆಂಡು ಕೊಡಲು ಮೈ ತಿರುಗಿತು, ಕಾಲು ತಿರುಗಲಿಲ್ಲ.

ಆಂಡಿ ಓಡಿದ. ಚಿಪ್ಪು ಪಕ್ಕಕ್ಕೆ ಸರಿದಿತ್ತು. ಕೆಂಜಿ ಕಿರುಚಲಿಲ್ಲ, ಬಿಳುಚಿದ ಮುಖದಲ್ಲಿ ಅವನನ್ನೇ ನೋಡಿದ.

"ಗುಡ್?"

ಸುತ್ತ ನಿಂತವರೆಲ್ಲ ಆಂಡಿಯ ಬಾಯಿ ನೋಡಿದರು. ಬೆನ್ನ ಮೇಲೆ ಅಪ್ಪನ ಬೆತ್ತ ಸುಳಿದಂತಾಯಿತು. ಆ ಮಾತನ್ನು ಹೇಳಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ಕೆಂಜಿ ಮಣ್ಣಾದ ಕೈಯೆತ್ತಿ ಆಂಡಿಯ ಕೊರಳ ಹಿಂಬದಿ ಮೆಲ್ಲಗೆ ತಟ್ಟಿದ. "ಗುಡ್," ಎಂದ. "ಗುಡ್, ಗುಡ್."

ಸ್ಟ್ರೆಚರ್ ಇರಲಿಲ್ಲ. ಟೀ ಅಂಗಡಿಯ ಬೆಂಚು ತಂದರು. ತಲೆಯ ಕಡೆ ಆಂಡಿ ಹಿಡಿದ.