ಏಳನೆಯ ಸಂಪುಟ

"ಈ ನದಿ ಹೀಗೆ ಹರಿಯೋಕೆ ಸಾಧ್ಯವೇ ಇಲ್ಲ," ಎಂದ ಸರ್ವೆಯರ್, ಪುಸ್ತಕದ ಮೊದಲ ಪುಟದ ನಕ್ಷೆಯ ಮೇಲೆ ಬಲಗೈ ಬೆರಳು ಊರಿ. ಎಡಗೈ ಅಲುಗಾಡಿಸುವಂತಿರಲಿಲ್ಲ. ಅದರಲ್ಲಿ ಎರಡು ಸೂಜಿಗಳಿದ್ದವು. ಒಂದರಿಂದ ಹೊರಟ ರಕ್ತ ತಲೆಯ ಪಕ್ಕದ ಯಂತ್ರದೊಳಗೆ ಸುತ್ತಾಡಿ, ತೊಳೆದುಕೊಂಡು, ಇನ್ನೊಂದರಿಂದ ಮೈಗೆ ಮರಳುತ್ತಿತ್ತು. "ಬೆಟ್ಟದ ಈ ಕಡೆ ಹುಟ್ಟುತ್ತೆ, ಬೆಟ್ಟ ಹತ್ತುತ್ತೆ, ಆ ಕಡೆ ಇಳಿಯುತ್ತೆ. ನೀರಿಗೇನು ಕಾಲಿದೆಯಾ?"

"ಮಂತ್ರ ಗಿಂತ್ರ ಹಾಕಿರ್ತಾರೆ ಬಿಡಿ ಸರ್," ಎಂದಳು ಪಕ್ಕದ ಹಾಸಿಗೆಯ ಟೈಲರಮ್ಮ.

"ಅದೇ ನಾನು ಹೇಳೋದು. ಬರೆಯೋನಿಗೆ ಗೊತ್ತಾಗದ ಕಡೆಯೆಲ್ಲ ಮಂತ್ರ. ನಾನು ಮೂವತ್ತು ವರ್ಷ ಸರಪಳಿ ಎಳೆದು ನೆಲ ಅಳೆದವನಮ್ಮ. ನನ್ನ ಹತ್ರ ಈ ಆಟ ನಡೆಯಲ್ಲ."

ಟೈಲರಮ್ಮ ನಕ್ಕಳು. ಅವಳು ಆಗ ಆರನೆಯ ಸಂಪುಟದ ಆರಂಭದಲ್ಲಿದ್ದಳು.

ಇಬ್ಬರಿಗೂ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಆ ಎಂಟು ಹಾಸಿಗೆಗಳ ಕೋಣೆಯಲ್ಲಿ ಮಲಗಬೇಕು. ಬಂದ ಕೂಡಲೇ ತೂಕ ನೋಡುತ್ತಾರೆ, ಮೈಯಲ್ಲಿ ನಿಂತ ನೀರೆಷ್ಟೆಂದು ಲೆಕ್ಕ ಹಾಕಿ ಯಂತ್ರಕ್ಕೆ ಹೇಳುತ್ತಾರೆ. ಎರಡು ವರ್ಷದ ಹಿಂದೆ, ಟೈಲರಮ್ಮನ ಮೊದಲ ದಿನ, ಅವಳು ತನ್ನದೇ ರಕ್ತ ಕೊಳವೆಯಲ್ಲಿ ಓಡುವುದನ್ನು ನೋಡುತ್ತಾ ಸದ್ದಿಲ್ಲದೆ ಅಳುತ್ತಿದ್ದಳು. ಸರ್ವೆಯರ್ ತನ್ನ ಹೊಟ್ಟೆಯ ಮೇಲಿದ್ದ ದಪ್ಪ ಪುಸ್ತಕವನ್ನು ಅವಳತ್ತ ಚಾಚಿದ್ದ. "ಅದನ್ನ ನೋಡಬೇಡ. ಇದನ್ನ ನೋಡು."

ಹಾಗೆ ಶುರುವಾಗಿದ್ದು. ಏಳು ಸಂಪುಟಗಳ ಫ್ಯಾಂಟಸಿ ಸರಣಿ. ರಾಜ್ಯ ಕಳೆದುಕೊಂಡ ರಾಜಕುಮಾರ, ಬೆಂಕಿಯುಗುಳುವ ಹಕ್ಕಿಗಳು, ಉಪ್ಪಿನ ಕೋಟೆ. ಹೆಂಡತಿ ತೀರಿಕೊಂಡ ಮೇಲೆ ಸರ್ವೆಯರ್ ಇಂಥವುಗಳನ್ನು ಬಿಟ್ಟು ಬೇರೇನನ್ನೂ ಓದಿರಲಿಲ್ಲ. ಓದಿದ್ದೆಲ್ಲದರ ಬಗ್ಗೆಯೂ ಅವನ ಬಾಯಲ್ಲಿ ತೀರ್ಪು ಸಿದ್ಧವಿರುತ್ತಿತ್ತು. ಭವಿಷ್ಯವಾಣಿ ಎನ್ನುವುದು ಲೇಖಕನ ಸೋಮಾರಿತನ. ಸತ್ತವರನ್ನು ಎಬ್ಬಿಸಿ ತರುವುದು ಓದುಗನಿಗೆ ಮಾಡುವ ಮೋಸ. "ಎರಡನೇ ಸಂಪುಟ ಬರೀ ನಡಿಗೆ. ನಾನೂರು ಪುಟ ನಡೀತಾರೆ, ಒಬ್ಬನ ಚಪ್ಪಲಿಯೂ ಕಿತ್ತುಹೋಗಲ್ಲ."

ಟೈಲರಮ್ಮನ ತಕರಾರುಗಳೇ ಬೇರೆ. "ಹತ್ತು ಸಾವಿರ ಸೈನಿಕರಿಗೆ ಒಂದೇ ಬಣ್ಣದ ಅಂಗಿ ಅಂತಾರೆ. ಹೊಲಿದೋರು ಯಾರು ಸರ್? ಗುಂಡಿ ಹಾಕೋಕೇ ಮೂರು ತಿಂಗಳು ಬೇಕು. ರಾಣಿ ಎಂಟು ತಿಂಗಳ ಬಸುರಿ, ಇನ್ನೂ ಅದೇ ನಿಲುವಂಗಿ. ಹೊಲಿಗೆ ಬಿಚ್ಚಿಕೊಳ್ಳಲ್ವಾ?"

ಇಷ್ಟೆಲ್ಲ ಅಂದರೂ ಆ ಕಥೆಯಲ್ಲಿ ಒಬ್ಬಳನ್ನು ಅವಳು ಜೀವಕ್ಕೆ ಹಚ್ಚಿಕೊಂಡಿದ್ದಳು. ಮೊದಲ ಸಂಪುಟದಲ್ಲಿ ರಾಜಕುಮಾರನನ್ನು ಹೊಳೆ ದಾಟಿಸುವ ದೋಣಿಯವಳು. ಮಂತ್ರ ಬಾರದವಳು, ಕತ್ತಿ ಹಿಡಿಯದವಳು. ಪ್ರತಿ ಸಂಪುಟದಲ್ಲೂ ಎಲ್ಲೋ ಒಂದು ಕಡೆ ಬಂದು, ಯಾರನ್ನೋ ದಾಟಿಸಿ ಹೋಗುತ್ತಿದ್ದಳು. "ಇವಳೊಬ್ಬಳೇ ಸರ್ ಇಡೀ ರಾಜ್ಯದಲ್ಲಿ ಕೆಲಸ ಮಾಡೋಳು," ಎನ್ನುತ್ತಿದ್ದಳು ಟೈಲರಮ್ಮ. ಅವಳಿಗೆ ಮನೆಯಲ್ಲಿ ಹೊಲಿಗೆ ಬಿಟ್ಟು ಪುರುಸೊತ್ತಿಲ್ಲ. ಓದುವುದೆಲ್ಲ ಈ ಹಾಸಿಗೆಯಲ್ಲೇ, ಒಂದು ಸಂಪುಟಕ್ಕೆ ನಾಲ್ಕು ತಿಂಗಳು. ಮುಂದೆ ಏನಾಗುತ್ತದೆಂದು ಬಾಯಿ ಬಿಡಬಾರದು ಎಂದು ಸರ್ವೆಯರ್‌ನಿಂದ ಮಾತು ತೆಗೆದುಕೊಂಡಿದ್ದಳು.

"ಏಳನೇದು ಮಾತ್ರ ಬಂಗಾರ," ಎಂದಿದ್ದ ಅವನು. "ಮೂರು ಸಲ ಓದಿದ್ದೀನಿ. ನೀನು ಕೊನೇ ಅಧ್ಯಾಯಕ್ಕೆ ಬಂದ ದಿನ ನಾನು ಮಾತೇ ಆಡಲ್ಲ. ಸುಮ್ಮನೆ ನಿನ್ನ ಮುಖ ನೋಡ್ತಾ ಇರ್ತೀನಿ."

ಆ ಮಂಗಳವಾರ ಬೆಳಿಗ್ಗೆ ಸರ್ವೆಯರ್ ತೂಕದ ಯಂತ್ರ ಹತ್ತಿದಾಗ ನರ್ಸ್ ಹಣೆ ಚಚ್ಚಿಕೊಂಡಳು. "ಮೂರೂವರೆ ಕೆಜಿ ಹೆಚ್ಚು! ಸರ್, ನೀರು ಕುಡಿದಿರೋ, ಕೆರೆ ಕುಡಿದಿರೋ?"

ಅವನು ಚಪ್ಪಲಿ ಮೆಟ್ಟಿಕೊಂಡು ಹಾಸಿಗೆಯತ್ತ ನಡೆದ. ಹಿಂದಿನ ಸಂಜೆ ತಮ್ಮ ಫೋನ್ ಮಾಡಿದ್ದ. ಅಪ್ಪ ಸತ್ತ ಮೇಲೆ ಇವನೇ ಓದಿಸಿ, ಕೆಲಸಕ್ಕೆ ಸೇರಿಸಿ, ಮದುವೆ ಮಾಡಿಸಿದ ತಮ್ಮ. ಪರೀಕ್ಷೆಗಳೆಲ್ಲ ಮುಗಿದು, ತಮ್ಮನ ಕಿಡ್ನಿ ಅಣ್ಣನಿಗೆ ಹೊಂದುತ್ತದೆಂದು ಡಾಕ್ಟರು ಹೇಳಿದ್ದರು. "ಅಣ್ಣ, ಬೇಜಾರು ಮಾಡ್ಕೋಬೇಡ," ಎಂದಿದ್ದ ತಮ್ಮ. "ನನಗೂ ಮಕ್ಕಳಿದ್ದಾರೆ." ಫೋನ್ ಇಟ್ಟ ಮೇಲೆ ಸರ್ವೆಯರ್ ಅಡುಗೆಮನೆಗೆ ಹೋಗಿ, ಎರಡು ವರ್ಷದಿಂದ ಅಳೆದು ಅಳೆದು ಕುಡಿಯುತ್ತಿದ್ದ ನೀರನ್ನು ಚೊಂಬಿನಲ್ಲೇ ಎತ್ತಿ ಗಟಗಟ ಕುಡಿದಿದ್ದ.

ಸೂಜಿ ಚುಚ್ಚಿ ಯಂತ್ರ ಶುರುವಾದ ಮೇಲೆ ಟೈಲರಮ್ಮ ಅವನತ್ತ ತಿರುಗಿದಳು. ಮುಖ ಅರಳಿತ್ತು. "ಸರ್, ನಮ್ಮಕ್ಕಂದು ಮ್ಯಾಚ್ ಆಯ್ತು! ಮುಂದಿನ ತಿಂಗಳೇ ಆಪರೇಷನ್ ಅಂತೆ. ನಾನು ಬೇಡ ಬೇಡ ಅಂದರೂ ಕೇಳ್ಲಿಲ್ಲ ಅವಳು. ಇಬ್ಬರೂ ಅತ್ತಿದ್ದೇ ಅತ್ತಿದ್ದು. ನಿಮ್ಮ ತಮ್ಮಂದು ಯಾವಾಗ ಸರ್?"

"ಅವನು ಕೊಡಲ್ಲ."

"ಅಯ್ಯೋ..." ಅವಳು ಕೈಯಲ್ಲಿದ್ದ ಪುಸ್ತಕ ಮುಚ್ಚಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಧೈರ್ಯ ಕೆಡಬೇಡಿ ಸರ್. ನಮ್ಮ ದೋಣಿಯವಳು ಹೇಳ್ತಾಳಲ್ಲ, ದಡ ಕಾಣ್ತಿಲ್ಲ ಅಂತ ಹುಟ್ಟು ಕೆಳಗಿಡಬಾರದು ಅಂತ."

ಅವನದೇ ಪುಸ್ತಕ. ಅವನೇ ಕೊಟ್ಟಿದ್ದು. ಅದರಿಂದಲೇ ಹೆಕ್ಕಿ ಅವನ ಅಂಗೈಗೆ ಹಾಕಿದ್ದಳು, ಭಿಕ್ಷೆಯ ಹಾಗೆ. ಸರ್ವೆಯರ್ ಮೇಲ್ಛಾವಣಿಯ ಫ್ಯಾನನ್ನು ನೋಡುತ್ತಾ ಮಲಗಿದ್ದ. ಯಂತ್ರದ ಚಕ್ರ ತಿರುಗುತ್ತಿತ್ತು. ಎಂಟೂವರೆ ಆಗಿತ್ತು.

"ಅವಳು ಸಾಯ್ತಾಳೆ," ಎಂದ.

"ಯಾರು ಸರ್?"

"ನಿನ್ನ ದೋಣಿಯವಳು. ಏಳನೇದರಲ್ಲಿ."

"ಸರ್! ಹೇಳಬೇಡಿ ಅಂದಿದ್ದೀನಲ್ಲ..." ತಮಾಷೆಯಿರಬೇಕೆಂದು ಅವಳು ಇನ್ನೂ ನಗುತ್ತಿದ್ದಳು.

"ಶತ್ರುಗಳು ಹೊಳೆ ದಾಟಬಾರದು ಅಂತ ರಾಜಕುಮಾರ ದೋಣಿಗೆ ಬೆಂಕಿ ಇಡಿಸ್ತಾನೆ. ಅವಳು ಒಳಗೆ ಮಲಗಿದ್ದಾಳೆ ಅಂತ ಅವನಿಗೆ ಗೊತ್ತು. ಗೊತ್ತಿದ್ದೇ ಇಡಿಸ್ತಾನೆ."

ಅವಳು ಬಲಗೈಯಿಂದ ಬಲಗಿವಿ ಮುಚ್ಚಿಕೊಂಡಳು. ಎಡಗೈ ಸೂಜಿಗೆ ಕಟ್ಟಿಬಿದ್ದಿತ್ತು. ಸರ್ವೆಯರ್ ಮಲಗಿದ್ದು ಅವಳ ಎಡಕ್ಕೆ.

ಅವನು ಅವಸರ ಮಾಡಲಿಲ್ಲ. ನೆಲ ಅಳೆಯುವವನ ಹಾಗೆ, ಒಂದು ಗಡಿಯಿಂದ ಇನ್ನೊಂದು ಗಡಿಗೆ, ಒಂದು ಅಂಗುಲ ಬಿಡದೆ ಹೇಳಿದ. ಉಪ್ಪಿನ ಕೋಟೆಯ ಬಾಗಿಲು ತೆಗೆಯುವ ದ್ರೋಹಿ ಯಾರು. ಹಕ್ಕಿಗಳನ್ನು ಕೊಲ್ಲುವ ವಿಷ ಯಾವುದು, ಅದನ್ನು ಎಲ್ಲಿ ಬಚ್ಚಿಟ್ಟಿದ್ದಾರೆ. ರಾಣಿಯ ಮಗು ಯಾರದ್ದು. ಅವಳು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಅವನು ದನಿ ಎತ್ತರಿಸಿದ. "ಸರ್, ಸಾಕು. ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಹೊದಿಕೆಯೊಳಗಿನಿಂದ ಒಮ್ಮೆ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಬಿಪಿ ನೋಡಲು ಬಂದ ನರ್ಸ್, "ಪುಣ್ಯವಂತೆ ನೀನು, ಮಲಗಿದಲ್ಲೇ ಕಥೆ," ಎಂದು ಹೊದಿಕೆಯ ಮೇಲಿಂದಲೇ ಅವಳ ಕಾಲು ತಟ್ಟಿ ಹೋದಳು.

"ಕೊನೇ ಪುಟದಲ್ಲಿ ಗೆದ್ದ ರಾಜ ಎಲ್ಲರ ಹೆಸರು ಕಲ್ಲಿನ ಮೇಲೆ ಕೆತ್ತಿಸ್ತಾನೆ," ಎಂದ ಸರ್ವೆಯರ್. "ಅವಳ ಹೆಸರಿಲ್ಲ. ಯಾರಿಗೂ ಗೊತ್ತಿರಲಿಲ್ಲವಂತೆ. ಅಷ್ಟೇ. ಮುಗೀತು."

ಅವನ ಬಾಯಿ ಒಣಗಿತ್ತು. ಹತ್ತೂವರೆ. ಇನ್ನೂ ಅರ್ಧ ಗಂಟೆ ಇತ್ತು, ಆದರೆ ಹೇಳಲು ಏನೂ ಉಳಿದಿರಲಿಲ್ಲ.

ಹನ್ನೊಂದಕ್ಕೆ ಸೂಜಿ ತೆಗೆದರು. ಟೈಲರಮ್ಮ ಎದ್ದು ಕೂತು, ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದುಕೊಂಡಳು. ಕಣ್ಣು ಕೆಂಪಾಗಿದ್ದರೂ ದನಿ ನೆಟ್ಟಗಿತ್ತು.

"ನಿಮ್ಮ ತಮ್ಮ ಯಾಕೆ ಕೊಡಲ್ಲ ಅಂದ್ರು ಅಂತ ಎರಡು ಗಂಟೆಯಿಂದ ಯೋಚನೆ ಮಾಡ್ತಿದ್ದೆ ಸರ್," ಎಂದಳು. "ಪಾಪ, ಅವರದ್ದೇನು ತಪ್ಪು."

ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಗುರುವಾರ ಬಂದಾಗ ನರ್ಸ್‌ಗೆ ಹೇಳಿ ಬಾಗಿಲ ಪಕ್ಕದ ಹಾಸಿಗೆ ಹಾಕಿಸಿಕೊಂಡಿದ್ದಳು. ಆಪರೇಷನ್ ಆಗುವವರೆಗಿನ ಐದು ವಾರವೂ ಅಲ್ಲೇ ಗೋಡೆ ನೋಡುತ್ತಾ ಮಲಗಿದಳು. ಸರ್ವೆಯರ್ ಪಕ್ಕಕ್ಕೆ ಒಬ್ಬ ನಿವೃತ್ತ ಬಸ್ ಚಾಲಕ ಬಂದ. ಬಂದವನೇ ಗೊರಕೆ ಹೊಡೆಯುತ್ತಿದ್ದ.

ಆಪರೇಷನ್ ಚೆನ್ನಾಗಿಯೇ ಆಯಿತು. ಹೊಸ ಕಿಡ್ನಿ ಮೊದಲ ದಿನವೇ ಕೆಲಸ ಶುರುಮಾಡಿತೆಂದು ನರ್ಸ್ ಎಲ್ಲರಿಗೂ ಕೇಳುವಂತೆ ಹೇಳಿದಳು.

ಒಂದು ತಿಂಗಳ ನಂತರ ದಪ್ಪ ಮೈಯ, ನಡುವಯಸ್ಸಿನ ಹೆಂಗಸೊಬ್ಬಳು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಆಯಾ ಒಂದು ಬಟ್ಟೆಯ ಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಪುಸ್ತಕದ ಸರ್ ನೀವೇ ಅಲ್ವಾ? ನಾನು ಟೈಲರಮ್ಮನ ಅಕ್ಕ," ಎಂದಳು. "ನಿಮ್ಮ ಆರು ಪುಸ್ತಕ ತಂದಿದ್ದೀನಿ. ಭಾರ ಎತ್ತಬಾರದು ಅಂದಿದ್ದಾರೆ ನನಗೆ, ಅದಕ್ಕೇ ಇವರನ್ನ ಕರ್ಕೊಂಡು ಬಂದೆ. ನಿಮ್ಮ ಬಗ್ಗೆ ತುಂಬಾ ಹೇಳ್ತಿದ್ಲು ಸರ್ ಅವಳು. ಅಲ್ಲಿ ಸರ್ ಇದ್ದಾರೆ, ಹೋಗೋಕೆ ಭಯ ಆಗಲ್ಲ ಅಂತಿದ್ಲು."

ಸರ್ವೆಯರ್ ತಲೆಯಾಡಿಸಿದ. ಆ ಮಂಗಳವಾರದ ವಿಷಯ ಅಕ್ಕನಿಗೆ ಗೊತ್ತಿಲ್ಲವೆಂದು ಅವಳ ಮುಖದಲ್ಲೇ ಕಾಣುತ್ತಿತ್ತು.

"ಏಳನೇದು ಇನ್ನೊಂದಿದೆಯಂತಲ್ಲ. ಹೇಗೂ ಹೋಗ್ತಿದ್ದೀನಿ, ಇಸ್ಕೊಂಡು ಬರ್ಲಾ ಅಂದೆ. ಬೇಡ ಅಂದ್ಬಿಟ್ಲು." ಅವಳು ನಕ್ಕಳು. ನಕ್ಕಾಗ ಎಲ್ಲೋ ನೋವಾಗಿ ತುಟಿ ಕಚ್ಚಿಕೊಂಡಳು. "ಯಾಕೆ ಸರ್, ಅದು ಚೆನ್ನಾಗಿಲ್ವಾ?"

ಯಂತ್ರ ಒಮ್ಮೆ ಬೀಪ್ ಎಂದು ಸುಮ್ಮನಾಯಿತು.

"ಇಲ್ಲಮ್ಮ," ಎಂದ ಸರ್ವೆಯರ್. "ಕೊನೇದು ಕೆಡಿಸಿಬಿಟ್ಟಿದ್ದಾನೆ."

"ಹೌದಾ? ಹಾಗಾದ್ರೆ ಬಿಡಿ," ಎಂದಳು ಅಕ್ಕ.

ಆಯಾ ಚೀಲವನ್ನು ಅವನ ಹಾಸಿಗೆಯ ಕೆಳಗೆ ತಳ್ಳಿದಳು. ಗಾಜಿನ ಬಾಗಿಲಿನಾಚೆ ಅಕ್ಕ ಮೆಟ್ಟಿಲಿಳಿಯತೊಡಗಿದಳು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಪಕ್ಕೆಲುಬಿನ ಕೆಳಗೆ ಒತ್ತಿಕೊಂಡು. ಒಂದು ಮೆಟ್ಟಿಲಿಗೆ ಎರಡೂ ಪಾದ ಇಟ್ಟು, ನಿಂತು, ಉಸಿರೆಳೆದುಕೊಂಡು, ಮತ್ತೆ ಮುಂದಿನ ಮೆಟ್ಟಿಲು. ಅವಳ ತಲೆ ಕಾಣದಾಗುವವರೆಗೂ ಸರ್ವೆಯರ್ ಕತ್ತು ತಿರುಗಿಸಿಕೊಂಡೇ ಮಲಗಿದ್ದ.