ಹನ್ನೆರಡು ಸಾವಿರ ಬೇವು, ಒಂದು ವರದಿ

ವಾಷಿಂಗ್ಟನ್ನಿನ ಆ ಸಾಲ ಕೊಡುವ ಸಂಸ್ಥೆಯಲ್ಲಿ ಮರ ನೆಡಿಸುವುದಕ್ಕೆಂದೇ ಒಂದು ಇಲಾಖೆ ಇತ್ತು. ಇಲಾಖೆಯಲ್ಲಿ ಯಾರೂ ಗಿಡಕ್ಕೆ ನೀರು ಹಾಕಿದವರಲ್ಲ. ಕಿಟಕಿಯ ಪಕ್ಕದ ಒಂದೇ ಒಂದು ಕುಂಡದಲ್ಲಿದ್ದದ್ದೂ ಪ್ಲಾಸ್ಟಿಕ್ ಗಿಡ. ಅದರ ಧೂಳು ಒರೆಸಲು ಗುರುವಾರಕ್ಕೊಮ್ಮೆ ಜನ ಬರುತ್ತಿದ್ದರು. ಇಂಥ ಕಡೆ ವಿಜಯಶ್ರೀ ಆರು ವರ್ಷದಿಂದ ಗುತ್ತಿಗೆಯ ಮೇಲೆ ದುಡಿಯುತ್ತಿದ್ದಳು. ವಿಜಯಪುರದ ಕಡೆಯವಳು, ಓದಿದ್ದು ನೀರಾವರಿ ಎಂಜಿನಿಯರಿಂಗ್, ಫೇರ್‌ಫ್ಯಾಕ್ಸಿನಿಂದ ದಿನಾ ಆರೆಂಜ್ ಲೈನ್ ಮೆಟ್ರೋ ಹಿಡಿದು ಬರುವವಳು. ಈ ಸಲ ನಿನ್ನನ್ನು ಕಾಯಂ ಮಾಡುತ್ತೇವೆ ಎಂದು ಪ್ರತಿ ವರ್ಷವೂ ಹೇಳುತ್ತಿದ್ದರು, ಪ್ರತಿ ವರ್ಷವೂ ಅವಳು ನಂಬುತ್ತಿದ್ದಳು.

ಅವಳ ಪಾಲಿಗೆ ಬಂದ ಕಡತ ಮರಳುಗಾಡಿನ ಒಂದು ಪಟ್ಟಣದ್ದು. ರಸ್ತೆ ಬದಿಗೆ ಹನ್ನೆರಡು ಸಾವಿರ ಬೇವಿನ ಸಸಿ. ಕಡತದ ಸಂಖ್ಯೆ ಹಿಡಿದು ‘ನಗರ ಏಳು’ ಎಂದು ಕರೆದು ಕರೆದು ಕಚೇರಿಯವರಿಗೆ ಆ ಊರಿನ ಹೆಸರೇ ಮರೆತುಹೋಗಿತ್ತು. ಸಸಿ ನೆಟ್ಟ ೨೦೨೨ರಲ್ಲಿ ವಿಜಯಶ್ರೀ ನಾಲ್ಕು ದಿನ ಅಲ್ಲಿದ್ದು ಬಂದಿದ್ದಳು. ಬೆಳಿಗ್ಗೆ ಒಂಬತ್ತಕ್ಕೇ ಸುಡುವ ಬಿಸಿಲು. ಬಸ್ಸಿಗೆ ಕಾಯುವ ಏಳು ಜನ ಒಂದು ವಿದ್ಯುತ್ ಕಂಬದ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ನಿಂತಿದ್ದರು. ನೆರಳು ಸರಿದಂತೆ ಸಾಲೂ ಸರಿಯುತ್ತಿತ್ತು. ಕೊನೆಯಲ್ಲಿದ್ದ ಮುದುಕಿಗೆ ನೆರಳೇ ಸಿಕ್ಕಿರಲಿಲ್ಲ. ಅದನ್ನು ನೋಡಿ ಅವಳಿಗೆ ಊಟ ಸೇರಲಿಲ್ಲ.

ನೆಟ್ಟು ಮೂರು ತಿಂಗಳಿಗೆ ಗುತ್ತಿಗೆದಾರನ ಮುಕ್ತಾಯ ವರದಿ ಬಂತು. ನೂರಕ್ಕೆ ತೊಂಬತ್ತನಾಲ್ಕು ಸಸಿ ಬದುಕಿವೆ, ಬಣ್ಣದ ಫೋಟೋ ಸಮೇತ. ಇಲಾಖೆಯ ಮುಖ್ಯಸ್ಥ ಗುರುದತ್, ಮಂಗಳೂರಿನವನು, ಹಿಗ್ಗಿ ಹೀರೇಕಾಯಿಯಾದ.

“ಸೈನ್ ಮಾಡಿ ಕ್ಲೋಸ್ ಮಾಡಿಬಿಡಿ ವಿಜಯಶ್ರೀ. ನೈಂಟಿ ಫೋರ್ ಪರ್ಸೆಂಟ್! ಆ್ಯನ್ಯುವಲ್ ರಿಪೋರ್ಟ್ ಕವರ್‌ಗೆ ಇದೇ ಫೋಟೋ.”

“ಆಮೇಲೆ ನೀರು ಯಾರು ಹಾಕ್ತಾರೆ?”

“ಮುನಿಸಿಪಾಲಿಟಿ ಅಂತ ಅಗ್ರಿಮೆಂಟ್‌ನಲ್ಲಿ ಇದೆಯಲ್ಲ.”

“ಅವರ ಹತ್ರ ಒಂದು ಟ್ಯಾಂಕರೂ ಇಲ್ಲ.”

“ಅದು ಪ್ರಾಜೆಕ್ಟ್ ಫೇಸ್ ಟೂನಲ್ಲಿ ನೋಡೋಣ,” ಎಂದು ಗುರುದತ್ ಎದ್ದು ಊಟಕ್ಕೆ ಹೋದ.

ಆ ಮರಳಿನಲ್ಲಿ ಬೇವು ಬೇರು ಬಿಟ್ಟು ತಾನೇ ನೀರು ಹುಡುಕಿಕೊಳ್ಳಲು ಮೂರು ಬೇಸಿಗೆ ಬೇಕು. ಅಷ್ಟರೊಳಗೆ ಟ್ಯಾಂಕರು ನಿಂತರೆ ಹದಿನೈದೇ ದಿನದಲ್ಲಿ ಹನ್ನೆರಡು ಸಾವಿರ ಕಟ್ಟಿಗೆ. ವಿಜಯಶ್ರೀ ಒಪ್ಪಂದವನ್ನು ಯಾರೂ ಓದದ ಕೊನೆಯ ಪುಟದವರೆಗೂ ಓದಿದಳು. ಅಲ್ಲೊಂದು ಸಾಲಿತ್ತು: ವರದಿ ಅಂಗೀಕಾರವಾಗುವ ತನಕ ನೀರುಣಿಸುವ ಹೊಣೆ ಗುತ್ತಿಗೆದಾರನದು.

ಮರುದಿನವೇ ವರದಿ ವಾಪಸ್ ಹೋಯಿತು. ‘ಪುಟ ಮೂವತ್ತೊಂದರಲ್ಲಿ ಸಸಿಯ ಎತ್ತರ ಸೆಂಟಿಮೀಟರಿನಲ್ಲಿದೆ, ನಲವತ್ತರಲ್ಲಿ ಮೀಟರಿನಲ್ಲಿದೆ. ಸರಿಪಡಿಸಿ.’ ಉತ್ತರಕ್ಕೆ ನಲವತ್ತೈದು ದಿನ ಗಡುವು. ಸರಿಪಡಿಸಿದ ವರದಿ ಬಂದಾಗ ಪುಟದ ಅಂಚುಗಳ ಅಳತೆ ತಪ್ಪಾಗಿತ್ತು. ಅದಾದ ಮೇಲೆ ನಕ್ಷೆಯಲ್ಲಿ ಉತ್ತರ ದಿಕ್ಕಿನ ಬಾಣ ಚಿಕ್ಕದಾಯಿತು. ಆ ಕಚೇರಿಯಲ್ಲಿ ಗಿಡ ಬದುಕಿಸಿದವರಿಗೆ ಬೆಲೆಯಿಲ್ಲ, ವರದಿಯಲ್ಲಿ ತಪ್ಪು ಹುಡುಕಿದವರು ಮಹಾ ಪಂಡಿತರು. ವರ್ಷದ ಕೊನೆಗೆ ಗುರುದತ್ ತುಂಬಿದ ಸಭೆಯಲ್ಲಿ ಅವಳ ಕೈಗೊಂದು ಪ್ರಶಸ್ತಿಪತ್ರ ಕೊಟ್ಟು, ಎಲ್ಲರೂ ಇವರಿಂದ ಕಲಿಯಬೇಕು ಎಂದ. ವಿಜಯಶ್ರೀ ನಗು ತಡೆಯಲು ತುಟಿ ಕಚ್ಚಿಕೊಂಡಳು.

ನಗು ಬಾರದಿದ್ದದ್ದು ಶಶಿಕಾಂತನಿಗೆ. ಗುತ್ತಿಗೆದಾರನ ಕಡೆಯಿಂದ ಆ ಪಟ್ಟಣದಲ್ಲಿದ್ದ ಎಂಜಿನಿಯರು ಅವನು, ಕಲಬುರಗಿಯವನು. ವರದಿ ಪಾಸಾದರೆ ತಾನೇ ಅವನಿಗೆ ಊರಿಗೆ ಹೋಗಲು ರಜೆ. ಒಂದು ದಿನ ವಿಡಿಯೋ ಕರೆಯಲ್ಲಿ ರೇಗಿಯೇಬಿಟ್ಟ.

“ಏನ್ರೀ ಮೇಡಂ, ಇದು ಒಂಬತ್ತನೇ ಸಲ ವಾಪಸ್ ಬಂತಲ್ರೀ! ಬಾಣ ಸಣ್ಣದಾದ್ರ ಗಿಡ ಸಾಯ್ತಾವೇನ್ರೀ?”

“ಸಿಟ್ಟಾಗಬ್ಯಾಡ್ರಿ ಶಶಿಕಾಂತ್ ಅವ್ರ. ಒಂದ್ ಮಾತು ಹೇಳ್ರಿ, ಬೇರು ಎಷ್ಟ್ ಕೆಳಗ ಹೋಗ್ಯಾವ?”

ಅವನು ಪರದೆಯ ಮೇಲೆ ಅವಳನ್ನೇ ನೋಡಿದ. “ನೋಡಿ ಹೇಳ್ತೀನ್ರಿ,” ಎಂದು ಕರೆ ಮುಗಿಸಿದ.

ಮುಂದಿನ ವರದಿ ನಲವತ್ತೈದನೇ ದಿನಕ್ಕೆ ಸರಿಯಾಗಿ ಬಂತು. ಹದಿನೇಳನೇ ಪುಟವೇ ಇರಲಿಲ್ಲ. ಮುಖಪುಟದ ಫೋಟೋ ತಲೆಕೆಳಗಾಗಿತ್ತು. ಅಷ್ಟು ದಿನ ಒಂದು ಅಲ್ಪವಿರಾಮ ತಪ್ಪದ ಮನುಷ್ಯ! ಕೊನೆಯ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ: ‘ಬೇರು, ನಾಲ್ಕು ಅಡಿ.’ ವಿಜಯಶ್ರೀಗೆ ಎಷ್ಟು ಸಂತೋಷವಾಯಿತೆಂದರೆ ಹದಿನೇಳನೇ ಪುಟ ಕೇಳಿ ಎರಡು ಹಾಳೆ ತುಂಬ ಖಾರವಾಗಿ ಬೈದು ಬರೆದಳು. ಆಮೇಲೆ ಇಬ್ಬರೂ ಸೇರಿ ತಪ್ಪುಗಳನ್ನು ಸಾಲಾಗಿ ನೆಟ್ಟುಕೊಂಡು ಹೋದರು, ಬಾಯಿಬಿಟ್ಟು ಒಂದು ಮಾತೂ ಆಡದೆ.

ಸಸಿ ನೆಟ್ಟ ಮೇಲೆ ಎರಡು ಬೇಸಿಗೆ ದಾಟಿದವು, ಮೂರನೆಯದು ಬಾಕಿಯಿತ್ತು. ೨೦೨೪ರ ಏಪ್ರಿಲ್‌ನಲ್ಲಿ ಮೇಲಿನವರು ಗುರುದತ್‌ನನ್ನು ಕರೆದು, ಮೂರು ತಿಂಗಳಲ್ಲಿ ಮುಗಿಯಬೇಕಿದ್ದ ಕಡತ ಎರಡು ವರ್ಷದಿಂದ ಯಾಕೆ ಕೊಳೆಯುತ್ತಿದೆ ಎಂದು ಕೇಳಿದರು. ಅವನು ಬಂದವನೇ ಎರಡು ಕಾಗದ ಅವಳ ಮುಂದಿಟ್ಟ. ಒಂದು ವರದಿಯ ಅಂಗೀಕಾರ ಪತ್ರ, ಇನ್ನೊಂದು ಕಾಯಂ ನೌಕರಿಯದು.

“ಫ್ರೈಡೇ ಒಳಗೆ ಇದಕ್ಕೆ ನೀವು ಸೈನ್ ಮಾಡಿ, ಅದಕ್ಕೆ ನಾನು ಮಾಡ್ತೇನೆ. ಇಲ್ಲದಿದ್ರೆ ಕಾಂಟ್ರಾಕ್ಟ್ ರಿನ್ಯೂ ಆಗಲ್ಲ. ನನ್ನ ಕೈಲೂ ಏನಿಲ್ಲ.”

ಮನೆಯಲ್ಲಿ ಗಂಡ ಬಸವಕುಮಾರ್ ತಲೆಯ ಮೇಲೆ ಕೈ ಹೊತ್ತು ಕೂತ. “ಆರು ವರ್ಷ ಕಾದೀಯಲ್ಲ ಇದಕ್ಕ! ನೀ ಎಂದೂ ಕೂಡ್ರದ ನೆರಳಿಗೆ ನೌಕರಿ ಕಳ್ಕೋತೀ? ಗಿಡಾನ ಬೇಕಂದ್ರ ನಮ್ಮ ಹಿತ್ತಲದಾಗ ಎರಡು ಹಚ್ಚೋಣಂತ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಮೂರು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಆ ಕಾಯಂ ಕಾಗದ ಅವಳಿಗೆ ಬೇಕಿತ್ತು, ನಾಚಿಕೆಯಾಗುವಷ್ಟು ಬೇಕಿತ್ತು. ಶುಕ್ರವಾರ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಮತ್ತೆ ಹಾಕಿ, ಎರಡೂ ಕಾಗದ ಗುರುದತ್‌ನ ಮೇಜಿನ ಮೇಲೆ ಖಾಲಿಯಾಗಿಯೇ ಇಟ್ಟು ಬಂದಳು. ಮನೆಗೆ ಹೋಗುವಾಗ ರೈಲಿನಲ್ಲಿ ಅತ್ತಳು.

ಹೋಗುವವರೇ ತಮ್ಮ ಜಾಗಕ್ಕೆ ಬರುವವರ ಅರ್ಹತೆ ಬರೆದುಕೊಡುವುದು ಆ ಕಚೇರಿಯ ಪದ್ಧತಿ. ವಿಜಯಶ್ರೀ ಕೂತು ಬರೆದಳು: ಅರಣ್ಯಶಾಸ್ತ್ರದಲ್ಲಿ ಡಾಕ್ಟರೇಟ್, ಅಂತರ್ಜಲದಲ್ಲಿ ಇನ್ನೊಂದು, ಮರಳುಗಾಡಿನಲ್ಲಿ ಹದಿನೈದು ವರ್ಷ, ದೊಡ್ಡ ಬ್ಯಾಂಕೊಂದರಲ್ಲಿ ಹತ್ತು ವರ್ಷ, ಐದು ಭಾಷೆ, ವಯಸ್ಸು ಮೂವತ್ತೈದರ ಒಳಗೆ. ಓದಿದ ಗುರುದತ್ ಬೆರಗಾದ. “ಎಷ್ಟು ಥರೋ ಆಗಿ ಬರೆದಿದ್ದೀರಿ! ಇಂಥವರೇ ಬೇಕು ನಮಗೆ,” ಎಂದು ಅಲ್ಲೇ ಸಹಿ ಹಾಕಿದ.

ಜೂನ್ ತಿಂಗಳು, ಅವಳು ಮನೆಯಲ್ಲಿ ಜೋಳದ ಹಿಟ್ಟು ಕಲಸುತ್ತಿದ್ದಾಗ ಶಶಿಕಾಂತನ ಫೋನು ಬಂತು.

“ಮೇಡಂ, ನಿಮ್ಮ ನೌಕರಿ ಹೋತಂತಲ್ರೀ. ಇನ್ನ ನಮ್ಮ ರಿಪೋರ್ಟ್ ಯಾರು ನೋಡ್ತಾರ?”

“ಯಾರೂ ಇಲ್ರೀ. ಹೊಸಬ್ರು ಸಿಗಬೇಕು. ಸಿಕ್ಕವ್ರು ಮೊದಲನೇ ಪುಟದಿಂದ ಓದಿ ತಾವ ಸಹಿ ಹಾಕಬೇಕು. ಆಫೀಸಿನ ರೂಲ್ ಐತಿ.”

“ಎಂದ್ ಸಿಗ್ತಾರಂತ?”

“ಅಂಥಾವ್ರು ಇನ್ನೂ ಹುಟ್ಟಿಲ್ಲಂತ.”

ಆ ಕಡೆ ಶಶಿಕಾಂತ್ ಫೋನನ್ನು ಬಾಯಿಂದ ದೂರ ಹಿಡಿದು, ಹಿಂದಿಯಲ್ಲಿ ಡ್ರೈವರನಿಗೆ ಕೂಗಿ ಹೇಳಿದ್ದು ಕೇಳಿಸಿತು: ಟ್ಯಾಂಕರು ನಾಳೆಯೂ ತಾ, ನಾಳಿದ್ದೂ ತಾ, ನಾನು ಸಾಕು ಅನ್ನುವ ತನಕ ತರುತ್ತಲೇ ಇರು.