ನಾಲ್ಕನೇ ಕಾಲು

ನಮ್ಮ ಮಾವ ಮಾಡುವ ಸ್ಟೂಲಿಗೆ ನಾಲ್ಕು ಕಾಲು. ಮೂರು ನೆಲದ ಮೇಲಿರುತ್ತವೆ; ನಾಲ್ಕನೆಯದು ಮನಸ್ಸು ಬಂದಾಗ ನೆಲ ಮುಟ್ಟುತ್ತದೆ. ಕೂತವರು ಎಡಕ್ಕೆ ವಾಲಿದರೆ ಟಕ್, ಬಲಕ್ಕೆ ವಾಲಿದರೆ ಟಕ್. ಅವರ ಮುಂದೆ ಈ ಮಾತೆತ್ತುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬಾಯಿಗೆ ಹೆಸರಾದ ನನಗೂ ಇರಲಿಲ್ಲ.

ಪೂರ್ತಿ ತಪ್ಪು ಅವರದೇ ಎಂದರೆ ಅನ್ಯಾಯವಾದೀತು. ಮೂವತ್ತೊಂದು ವರ್ಷ ಅವರು ಮೇಜು ಕುರ್ಚಿಯ ಕಾರ್ಖಾನೆಯಲ್ಲಿ ದುಡಿದವರು. ಆದರೆ ಅಲ್ಲಿ ಅವರ ಕೆಲಸ ಕಾಲು ಕಡೆಯುವುದಷ್ಟೇ. ತಿರುಗುವ ಯಂತ್ರಕ್ಕೆ ಮರದ ತುಂಡು ಸಿಕ್ಕಿಸಿ, ಉಳಿ ಒತ್ತಿ ಹಿಡಿದು, ಕಾಲನ್ನು ದುಂಡಗೆ ತೆಗೆದು, ತುದಿಯಲ್ಲಿ ಮೂರು ಬಳೆ ಮೂಡಿಸಿ ಪಕ್ಕಕ್ಕಿಡುವುದು. ಅದನ್ನು ಹಲಗೆಗೆ ಜೋಡಿಸುವವರು ಬೇರೆ ಶೆಡ್ಡಿನಲ್ಲಿದ್ದರು. ಹಾಗಾಗಿ ಮಾವ ಕಡೆದ ಒಂದೊಂದು ಕಾಲೂ ಕಣ್ಣಿಗೊತ್ತಿಕೊಳ್ಳುವಂತಿರುತ್ತದೆ. ನಾಲ್ಕೂ ಸೇರಿದರೆ ಮಾತ್ರ ಆಸ್ತಿ ಹಂಚಿಕೊಳ್ಳಲು ಕೂತ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ಆಗಿಬರುವುದಿಲ್ಲ. ಅದು ಅವರಿಗೆ ಗೊತ್ತಾಗದಿರಲು ಕಾರಣವೂ ಇತ್ತು. ಸ್ಟೂಲು ಮುಗಿದ ಮೇಲೆ ಹಿತ್ತಲಿನ ಮೆತ್ತನೆಯ ಮಣ್ಣಿನ ಮೇಲಿಟ್ಟು, ಕೂತು, ಎರಡು ಸಲ ಮೈಭಾರ ಹಾಕಿ ಪರೀಕ್ಷೆ ಮಾಡುತ್ತಿದ್ದರು. ಮಣ್ಣಿನ ಮೇಲೆ ಯಾವ ಸ್ಟೂಲು ತಾನೇ ಅಲ್ಲಾಡೀತು?

ಅವರು ಸ್ಟೂಲು ಮಾಡತೊಡಗಿದ್ದು ಅತ್ತೆ ತೀರಿಕೊಂಡ ಮೇಲೆ. ಅತ್ತೆಯ ಕೊನೆಯ ಎರಡು ವರ್ಷ ವಾರಕ್ಕೆ ಮೂರು ದಿನ ಆಸ್ಪತ್ರೆ. ನಮ್ಮ ಬಡಾವಣೆಯಿಂದ ಅಲ್ಲಿಗೆ ಎರಡು ಬಸ್ಸು ಬದಲಿಸಬೇಕು. ನಿವಾಸಿಗಳ ಸಂಘದವರ ವ್ಯಾನು ಒಂದು ದಿನವೂ ತಪ್ಪದೆ ಬಾಗಿಲಿಗೆ ಬಂದು ಕರೆದೊಯ್ಯುತ್ತಿತ್ತು, ಬಿಡಿಗಾಸು ಕೇಳಲಿಲ್ಲ. ಅತ್ತೆ ಹೋದ ಹದಿಮೂರನೇ ದಿನವೋ ಹದಿನಾಲ್ಕನೇ ದಿನವೋ ಮಾವ, ಆ ವ್ಯಾನಿನ ಋಣ ತನ್ನ ಕೈಯಾರೆ ತೀರಿಸುತ್ತೇನೆ ಎಂದರು. ಲಾರಿ ಓಡಿಸುವ ಮಗ, ಅಂದರೆ ನನ್ನ ಗಂಡ, ದುಡ್ಡು ಕೊಡುತ್ತೇನೆಂದರೆ ಬೇಡ ಎಂದರು. ತನ್ನ ಕೈಯಾರೆ ಎಂದರೆ ತನ್ನ ಕೈಯಾರೆಯೇ.

ವ್ಯಾನು ಓಡುವುದು ಸಂಘದ ವಾರ್ಷಿಕ ಮಾರಾಟದಿಂದ. ವರ್ಷಕ್ಕೊಂದು ಭಾನುವಾರ ಸಮುದಾಯ ಭವನದಲ್ಲಿ ಜನ ಮನೆಯಲ್ಲಿ ಮಾಡಿದ್ದನ್ನೆಲ್ಲ ತಂದಿಡುತ್ತಾರೆ. ಬುಟ್ಟಿ, ದೀಪಕ್ಕೆ ಹಾಕುವ ಬಟ್ಟೆಯ ಮುಸುಕು, ಉಣ್ಣೆಯ ಟೋಪಿ. ಹರಾಜು ಕೂಗುವವನು ಕ್ಷೌರದಂಗಡಿಯವನು. ಸುತ್ತಿಗೆಯ ಬದಲು ಬಾಚಣಿಗೆಯಿಂದ ತಗಡಿನ ಡಬ್ಬಕ್ಕೆ ಬಡಿಯುತ್ತಾನೆ. ಜನ ಕಸ ತಂದು ಸುರಿಯಬಾರದೆಂದು ಅವನೇ ಒಂದು ನಿಯಮ ಮಾಡಿದ್ದಾನೆ. ಯಾರೂ ಕೊಳ್ಳದೆ ಉಳಿದ ವಸ್ತುವನ್ನು ಮಾಡಿದವರೇ ವೇದಿಕೆ ಹತ್ತಿ, ಎಲ್ಲರ ಎದುರಿಗೆ ವಾಪಸು ಎತ್ತಿಕೊಂಡು ಹೋಗಬೇಕು. ಒಮ್ಮೆ ಒಬ್ಬಾಕೆ ತನ್ನ ದೀಪದ ಮುಸುಕನ್ನು ಎದೆಗವಚಿಕೊಂಡು ಮೆಟ್ಟಿಲಿಳಿದದ್ದನ್ನು ನೋಡಿದ್ದೇನೆ. ಇಡೀ ಭವನ ತಲೆ ತಗ್ಗಿಸಿ ಚಪ್ಪಲಿ ನೋಡಿಕೊಳ್ಳುತ್ತಿತ್ತು.

ಮಾವನಿಗೆ ಆ ಗತಿ ಬರಬಾರದೆಂದು ಮೊದಲ ವರ್ಷವೇ ತೀರ್ಮಾನಿಸಿದೆ. ನಾನು ಬಟ್ಟೆ ಹೊಲಿಯುವವಳು, ಸೊಟ್ಟಗಿರುವುದನ್ನು ಮುಚ್ಚುವುದು ನನ್ನ ಹೊಟ್ಟೆಪಾಡು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಭವನಕ್ಕೆ ಹೋಗಿ ನಾಲ್ಕನೇ ಕಾಲಿನ ಕೆಳಗೆ ಮಡಿಸಿದ ಬಟ್ಟೆಚೂರು ಇಡುತ್ತಿದ್ದೆ. ಕೊಳ್ಳುವ ಕೆಲಸವನ್ನು ಔಷಧದಂಗಡಿಯವರಿಗೆ ವಹಿಸಿದ್ದೆ. ಹಣ ನನ್ನದು, ಕೈ ಅವರದು. ಸ್ಟೂಲು ಹಿಂಬಾಗಿಲಿನಿಂದ ನಮ್ಮ ಅಕ್ಕನ ಮನೆಯ ಶೆಡ್ಡಿಗೆ ಹೋಗುತ್ತಿತ್ತು. ಹೀಗೆ ಏಳು ವರ್ಷ ಏಳು ಸ್ಟೂಲು. ಮಾವ ಪ್ರತಿ ವರ್ಷ ಮನೆಗೆ ಬಂದು ಅತ್ತೆಯ ಫೋಟೋದ ಮುಂದೆ ನಿಂತು, ಈ ವರ್ಷದ್ದೂ ಹೋಯಿತು ಎಂದು ಸಣ್ಣಗೆ ಹೇಳುವುದನ್ನು ಕೇಳಿದಾಗೆಲ್ಲ ನಾನು ಮಾಡಿದ್ದು ಸರಿಯೆಂದೇ ಅನಿಸುತ್ತಿತ್ತು. ನನ್ನ ಗಂಡನಿಗೆ ಎಲ್ಲ ಗೊತ್ತಿತ್ತು. ಆದರೆ ಅಪ್ಪನ ವಿಷಯ ಬಂದರೆ ಅವರ ಬಾಯಿಗೆ ಬೀಗ.

ಎಂಟನೇ ವರ್ಷ ಎಡವಟ್ಟಾಯಿತು.

ಹಿಂದಿನ ದಿನ ಔಷಧದಂಗಡಿಗೆ ಹೋಗಿ ಹಣ ಕೊಟ್ಟು, ಎಷ್ಟಾದರೂ ಆಗಲಿ ಬೇರೆಯವರಿಗೆ ಬಿಡಬೇಡಿ ಎಂದಿದ್ದೆ. ಎಂದಿನ ಮಾತು ಅದು, ಎದುರಾಳಿ ಯಾರೂ ಇರುತ್ತಿರಲಿಲ್ಲವಲ್ಲ. ಆದರೆ ಔಷಧದಂಗಡಿಯವರು ಚೀಟಿಯಲ್ಲಿ ಬರೆದದ್ದನ್ನು ಬರೆದ ಹಾಗೆಯೇ ಕೊಡುವ ಜಾತಿಯವರು. ಡಾಕ್ಟರಿಗೇ ಮರುಪ್ರಶ್ನೆ ಹಾಕದವರು ನನಗೆ ಹಾಕುತ್ತಾರೆಯೇ?

ಮಾವನ ಸ್ಟೂಲು ವೇದಿಕೆಗೆ ಬಂತು. ಔಷಧದಂಗಡಿಯವರು ಕೈ ಎತ್ತಿದರು. ಬಾಚಣಿಗೆ ಇನ್ನೇನು ಡಬ್ಬಕ್ಕೆ ಬೀಳಬೇಕು, ಹಿಂದಿನ ಸಾಲಿನಲ್ಲಿ ಮತ್ತೊಂದು ಕೈ ಎದ್ದಿತು. ಅಕ್ಕನ ಮನೆಯ ಪಕ್ಕದ ಶಿಶುಶಾಲೆಯ ಟೀಚರು. ಔಷಧದಂಗಡಿಯವರು ಏರಿಸಿದರು, ಟೀಚರೂ ಏರಿಸಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮಾವನ ಬೆನ್ನು ನೆಟ್ಟಗಾಯಿತು. ಎಂಟು ವರ್ಷದಲ್ಲಿ ಮೊದಲ ಸಲ ಅವರು ತಿರುಗಿ ನೋಡಿದರು, ತನ್ನ ಸ್ಟೂಲು ಬೇಕೆನ್ನುವವರು ಯಾರೆಂದು. ಇದು ನಿಜವಾದ ಗಿರಾಕಿ, ಕೊನೆಗೂ ಒಬ್ಬರು ಬಂದಿದ್ದಾರೆ. ನಾನು ಚಹಾ ಹಂಚುತ್ತಿದ್ದ ಮೇಜಿನ ಹಿಂದಿನಿಂದ ಔಷಧದಂಗಡಿಯವರಿಗೆ ಸಾಕು ಸಾಕು ಎಂದು ಕೈಯಾಡಿಸಿದೆ, ತಲೆಯಾಡಿಸಿದೆ. ಅವರು ಅದನ್ನೂ ಬಿಡಬೇಡಿ ಎಂದೇ ಓದಿಕೊಂಡು ಇನ್ನೂ ಜೋರಾಗಿ ಕೂಗಿದರು. ಟೀಚರು ಪರ್ಸು ತೆರೆದು ನೋಡಿ, ಮುಚ್ಚಿ, ಕೂತುಬಿಟ್ಟರು. ಡಬ್ಬ ಢಣ್ ಎಂದಿತು. ಜನ ಚಪ್ಪಾಳೆ ತಟ್ಟಿದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಹರಾಜು ಮುಗಿದ ಮೇಲೆ ಟೀಚರು ನೇರವಾಗಿ ಮಾವನ ಬಳಿ ಬಂದರು. ನಾನು ಚಹಾ ಹಿಡಿದುಕೊಂಡು ಪಕ್ಕದಲ್ಲೇ ಇದ್ದೆ. ಶಾಲೆಯಲ್ಲಿ ಇಂಥದ್ದೇ ಒಂದು ಸ್ಟೂಲಿದೆ, ಪಕ್ಕದ ಮನೆಯವರು ಜಾಗವಿಲ್ಲವೆಂದು ಕೊಟ್ಟರು, ಕಾಲಿನ ಮೂರು ಬಳೆ ನೋಡಿ ಇದು ನಿಮ್ಮ ಕೈಕೆಲಸ ಎಂದು ಇವತ್ತು ಗೊತ್ತಾಯಿತು ಎಂದರು. ಪಕ್ಕದ ಮನೆಯವರೆಂದರೆ ನಮ್ಮ ಅಕ್ಕ. ನನಗೊಂದು ಮಾತೂ ಹೇಳಿರಲಿಲ್ಲ ಪುಣ್ಯಾತ್ಗಿತ್ತಿ. ಟೀಚರ ತರಗತಿಯಲ್ಲಿ ಒಂದು ಕ್ಷಣ ಕೂತಲ್ಲಿ ಕೂರದ ಮಕ್ಕಳು ಎಂಟು ಜನರಿದ್ದಾರಂತೆ. ಒಂದು ಹುಡುಗಿ ಆ ಸ್ಟೂಲಿನ ಮೇಲೆ ಪೂರ್ತಿ ಒಂದು ಕಥೆ ಮುಗಿಯುವವರೆಗೆ ಕೂತಳಂತೆ. ಅಂದಿನಿಂದ ಅದಕ್ಕಾಗಿ ದಿನಾ ಜಗಳ.

"ನಿಮ್ಮ ಸ್ಟೂಲು ಸ್ವಲ್ಪ ಆಡುತ್ತಲ್ಲ, ಅದೇ ಅವರಿಗೆ ಬೇಕು," ಎಂದರು ಟೀಚರು. "ಮೈ ಆಡ್ತಾ ಇದ್ರೆ ಮನಸ್ಸು ನಿಲ್ಲುತ್ತೆ. ಇನ್ನೂ ಏಳು ಸಿಕ್ಕಿದ್ರೆ ಎಲ್ಲರಿಗೂ ಆಗ್ತಿತ್ತು."

ಆಡುತ್ತೆ ಎಂಬ ಮಾತನ್ನು ಮಾವ ಎರಡು ಸಲ ಬಾಯೊಳಗೇ ಹೇಳಿಕೊಂಡರು. ಆಮೇಲೆ ಎದ್ದು ಹೋಗಿ, ವೇದಿಕೆಯ ಮೇಲಿದ್ದ ಸ್ಟೂಲನ್ನು ಕೆಳಗಿಳಿಸಿ ಭವನದ ನುಣುಪು ಕಲ್ಲಿನ ನೆಲದ ಮೇಲಿಟ್ಟು ಕೂತರು. ಟಕ್. ಇನ್ನೊಂದು ಕಡೆ ವಾಲಿದರು. ಟಕ್. ನನ್ನ ಬಟ್ಟೆಚೂರು ವೇದಿಕೆಯ ಮೇಲೆ ಮಡಿಸಿದಂತೆಯೇ ಬಿದ್ದಿತ್ತು. ಅವರು ಅದನ್ನು ನೋಡಿದರು, ಹೋದ ತಿಂಗಳು ಅವರದೇ ಅಂಗಿಗೆ ಹೊಲಿದು ಉಳಿದ ಬಟ್ಟೆ ಅದು.

ಆದರೂ ಅವರು ನನ್ನನ್ನು ಏನೂ ಕೇಳಲಿಲ್ಲ. ಟೀಚರಿಗೆ ಮಾತ್ರ, ಏಳು ಸ್ಟೂಲು ಮಾಡಲು ತನಗೆ ಈಗ ಏಳು ವರ್ಷ ಬೇಕು, ಕಣ್ಣು ಮೊದಲಿನಂತಿಲ್ಲ, ಹಿಂದಿನವೆಲ್ಲ ಯಾರ್ಯಾರ ಮನೆಯಲ್ಲಿವೆಯೋ ಗೊತ್ತಿಲ್ಲ ಎಂದರು. ಟೀಚರು ಪಾಪ, ಹೋಗಲಿ ಬಿಡಿ ಎಂದು ಬ್ಯಾಗು ಹೆಗಲಿಗೇರಿಸಿದರು. ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾವನ ಮಾನವೂ ಉಳಿಯುತ್ತಿತ್ತು, ನನ್ನ ಗುಟ್ಟೂ ಉಳಿಯುತ್ತಿತ್ತು. ಶೆಡ್ಡಿನಲ್ಲಿ ಆರು ಸ್ಟೂಲು ಜೇಡರ ಬಲೆ ಕಟ್ಟಿಕೊಂಡು ಕೂತಿರುತ್ತಿದ್ದವು, ಎಂಟು ಮಕ್ಕಳು ಒಂದಕ್ಕಾಗಿ ಹೊಡೆದಾಡುತ್ತಿರುತ್ತಿದ್ದರು.

"ಮಾವ, ಇದನ್ನ ಕೊಂಡಿದ್ದು ನಾನೇ," ಎಂದೆ. "ಉಳಿದ ಆರೂ ಅಕ್ಕನ ಶೆಡ್ಡಲ್ಲಿವೆ. ಎಲ್ಲಾನೂ ನಾನೇ ಕೊಂಡಿದ್ದು."

ಮಾವ ಸ್ಟೂಲಿನ ಕಾಲಿನ ಮೂರು ಬಳೆಗಳ ಮೇಲೆ ಬೆರಳಾಡಿಸಿದರು. ಸುತ್ತ ಕುರ್ಚಿ ಮಡಚುವ ಸದ್ದು. ಬಯ್ದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವರು ಬಯ್ಯಲಿಲ್ಲ.

"ಹಾಗಾದ್ರೆ ಎಂಟು ವರ್ಷದಿಂದ ವ್ಯಾನಿಗೆ ಕೊಟ್ಟಿದ್ದು ನೀನು," ಎಂದರು. "ನಾನಲ್ಲ."

ಅಷ್ಟು ಹೇಳಿ ಒಬ್ಬರೇ ನಡೆದುಕೊಂಡು ಮನೆಗೆ ಹೋದರು. ಆ ದಿನ ಅತ್ತೆಯ ಫೋಟೋದ ಮುಂದೆ ನಿಲ್ಲಲಿಲ್ಲ. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅವರ ಮಾನ ಕಾಯುತ್ತೇನೆಂದು ಹೊರಟು ಅವರ ಋಣವನ್ನೇ ಕಿತ್ತುಕೊಂಡಿದ್ದೆನಲ್ಲ, ಅದು ನನಗೆ ಎಂಟು ವರ್ಷ ಹೊಳೆದೇ ಇರಲಿಲ್ಲ.

ನಾಲ್ಕು ದಿನ ಹೀಗೇ ಕಳೆಯಿತು. ಊಟಕ್ಕೆ ಬಂದರು, ಉಂಡರು, ಎದ್ದರು. ಐದನೇ ದಿನ ಬೆಳಿಗ್ಗೆ ಮಗನಿಗೆ, ಸಂಘದ ವ್ಯಾನು ಬೇಡ, ನಿನ್ನ ಲಾರಿ ತೆಗಿ ಎಂದರು. ಶೆಡ್ಡಿನ ಆರು ಸ್ಟೂಲನ್ನೂ ಔಷಧದಂಗಡಿಯಲ್ಲಿದ್ದ ಒಂದನ್ನೂ ಹೇರಿಸಿಕೊಂಡರು. ಜೊತೆಗೆ ಅಳತೆಪಟ್ಟಿ, ಗರಗಸ, ಮರಳುಕಾಗದ. ಮಕ್ಕಳು ಬಿದ್ದುಗಿದ್ದಾರು, ಕೊಡುವ ಮುಂಚೆ ಎಲ್ಲವನ್ನೂ ಸಮ ಮಾಡಿಕೊಡುತ್ತೇನೆ ಎಂಬುದು ಅವರ ಹಟ. ನಾನೂ ಲಾರಿ ಹತ್ತಿದೆ. ಬರಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಶಾಲೆಯ ಕಲ್ಲುಹಾಸಿನ ಅಂಗಳದಲ್ಲಿ ಸ್ಟೂಲು ಇಳಿಸುವಷ್ಟರಲ್ಲಿ ಮಕ್ಕಳು ಮುತ್ತಿಕೊಂಡರು. ಮಾವ ಗರಗಸ ತೆಗೆಯುವ ಮುಂಚೆಯೇ ಏಳೂ ತುಂಬಿಹೋಗಿದ್ದವು. ಟೀಚರು ಕಥೆ ಶುರು ಮಾಡಿದರು. ಟಕ್ ಟಕ್ ಟಕ್ ಎಂದು ಅಂಗಳವೆಲ್ಲ ಸದ್ದು, ಆದರೆ ಒಂದು ಮಗುವೂ ಏಳಲಿಲ್ಲ. ಕಥೆಯ ಕರಡಿ ಹಳ್ಳ ದಾಟಿತು, ಮನೆ ಸೇರಿತು, ನಿದ್ದೆ ಹೋಯಿತು, ಆಗಲೂ ಏಳಲಿಲ್ಲ. ಮಾವ ಗರಗಸವನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕಥೆ ಕೇಳಿದರು. ಮುಗಿದ ಮೇಲೆ ಅದನ್ನು ಚೀಲಕ್ಕೆ ಹಾಕಿದರು.

ಆ ವಾರ ಮಕ್ಕಳ ಅಪ್ಪ ಅಮ್ಮಂದಿರು ಸೇರಿ, ಎಂಟು ಸ್ಟೂಲಿಗೂ ತಕ್ಕ ಬೆಲೆ ಕಟ್ಟಿ, ಮಾವನ ಹೆಸರಿನಲ್ಲಿ ವ್ಯಾನಿಗೆ ಕಳಿಸಿದರು. ಸಂಘದ ರಸೀದಿ ಮನೆಗೆ ಬಂತು. ಮಾವ ಅದನ್ನು ಅತ್ತೆಯ ಫೋಟೋದ ಚೌಕಟ್ಟಿಗೆ ಸಿಕ್ಕಿಸಿ, ನನ್ನನ್ನು ಕರೆದರು.

"ನೀನು ಕೊಟ್ಟಿದ್ದು ನಿಂದು, ಅದನ್ನ ನಾನು ಇಲ್ಲ ಅನ್ನಲ್ಲ," ಎಂದರು. "ಇದು ನಂದು."

ಆಯಿತು ಮಾವ ಎಂದೆ.

ಮುಂದಿನ ವರ್ಷದ ಮಾರಾಟಕ್ಕೆ ಅವರು ಹೊಸ ಸ್ಟೂಲಿಗೆ ಕೈ ಹಾಕಿದರು. ಈ ಸಲ ಬೇಕೆಂದೇ ಆಡುವ ಸ್ಟೂಲು. ಅಳತೆ ತಪ್ಪಿ ಆಡುವುದಕ್ಕೂ ಅಳತೆ ಮಾಡಿ ಆಡಿಸುವುದಕ್ಕೂ ವ್ಯತ್ಯಾಸವಿದೆ, ಅದು ಕಸುಬು ಗೊತ್ತಿದ್ದವರ ಕೆಲಸ ಎಂದು ನಮಗೆಲ್ಲ ಪಾಠ ಹೇಳಿದರು. ನಾಲ್ಕನೇ ಕಾಲು ಇಷ್ಟೇ ಗಿಡ್ಡ ಇರಬೇಕೆಂದು ಗೆರೆ ಎಳೆದು, ಭೂತಗನ್ನಡಿ ಹಿಡಿದು, ಕೊಯ್ದು, ಉಜ್ಜಿ, ಎರಡು ತಿಂಗಳು ಹೆಚ್ಚೇ ತೆಗೆದುಕೊಂಡರು.

ಭಾನುವಾರ ಬೆಳಿಗ್ಗೆ ನಾನು ಅಭ್ಯಾಸಬಲದಿಂದ ಬಟ್ಟೆಚೂರು ಹಿಡಿದುಕೊಂಡೇ ಭವನಕ್ಕೆ ಹೋಗಿದ್ದೆ. ಸ್ಟೂಲನ್ನು ನೆಲದ ಮೇಲಿಟ್ಟು ಒತ್ತಿದೆ. ಅಲ್ಲಾಡಲಿಲ್ಲ. ತಿರುಗಿಸಿಟ್ಟು ಒತ್ತಿದೆ. ಎಳ್ಳಷ್ಟೂ ಅಲ್ಲಾಡಲಿಲ್ಲ. ಬೇಕೆಂದೇ ಸೊಟ್ಟ ಮಾಡಹೋಗಿ ಮಾವ ಜನ್ಮದಲ್ಲಿ ಮೊದಲ ಸಲ ನೆಟ್ಟಗಿನ ಸ್ಟೂಲು ಮಾಡಿಬಿಟ್ಟಿದ್ದರು.

ಕ್ಷೌರದಂಗಡಿಯವನು ಅದನ್ನು ವೇದಿಕೆಯ ಮೇಲಿಟ್ಟು, ತಾನೇ ಕೂತು, ಎಡಕ್ಕೂ ಬಲಕ್ಕೂ ವಾಲಿ ತೋರಿಸಿದ. ಸದ್ದೇ ಇಲ್ಲ. ಟೀಚರು ನಗು ತಡೆದುಕೊಂಡು ಕೈಮುಗಿದುಬಿಟ್ಟರು, ಇದು ತಮ್ಮ ಮಕ್ಕಳಿಗೆ ಆಗುವುದಲ್ಲವೆಂದು. ಔಷಧದಂಗಡಿಯವರು ನನ್ನ ಕಡೆ ನೋಡಿದರು. ಈ ಸಲ ನಾನು ಅವರಿಗೆ ಹಣವನ್ನಾಗಲಿ ಚೀಟಿಯನ್ನಾಗಲಿ ಕೊಟ್ಟಿರಲಿಲ್ಲ. ಒಂದನೇ ಸಲ ಎಂದ ಕ್ಷೌರದಂಗಡಿಯವನು, ಎರಡನೇ ಸಲ ಎಂದ. ಮುಂದಿನ ಸಾಲಿನಲ್ಲಿ ಮಾವ ವೇದಿಕೆಯ ಮೆಟ್ಟಿಲನ್ನೇ ನೋಡುತ್ತಾ, ಎದ್ದು ಹೋಗಲು ಮೊಣಕಾಲಿನ ಮೇಲೆ ಕೈಯೂರಿದರು.

ನಾನು ಚಹಾದ ಲೋಟ ಕೆಳಗಿಟ್ಟು ಕೈ ಎತ್ತಿದೆ. ನನ್ನದೇ ಕೈ, ಎಲ್ಲರಿಗೂ ಕಾಣುವ ಹಾಗೆ, ನನ್ನದೇ ಬಾಯಿಂದ ಬೆಲೆ ಹೇಳಿದೆ. ಹೊಲಿಗೆ ಯಂತ್ರದ ಮುಂದೆ ಕೂರಲು ನನಗೊಂದು ಗಟ್ಟಿ ಸ್ಟೂಲು ನಿಜವಾಗಿಯೂ ಬೇಕಿತ್ತು.

ಮಾವ ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ಇಡೀ ಭವನ ಅವರನ್ನೇ ನೋಡುತ್ತಿತ್ತು.

"ಅಷ್ಟಕ್ಕೇನಾ?" ಎಂದರು. "ವ್ಯಾನಿಗೆ ಹೋಗೋ ದುಡ್ಡು. ಸ್ವಲ್ಪ ಏರಿಸು."

ಎದುರಾಳಿ ಯಾರೂ ಇರಲಿಲ್ಲ. ಆದರೂ ನಾನು ಏರಿಸಿದೆ.